ಹಡಗು ಒಬ್ಬರದು, ಬಾಡಿಗೆ ಇನ್ನೊಬ್ಬರದು

ಅವರ ಎಡಗೈ ತೋರುಬೆರಳು ಅರ್ಧಕ್ಕೇ ಮುಗಿದಿತ್ತು. ಹಗ್ಗಕ್ಕೆ ಸಿಕ್ಕಿ ಹೋದದ್ದಂತೆ. ಉಳಿದ ಅರ್ಧವೂ ಸುಮ್ಮನಿರುತ್ತಿರಲಿಲ್ಲ. ಕಾಂಪೌಂಡಿನ ಮೇಲೆ, ಕಾಫಿ ಲೋಟದ ಮೇಲೆ, ನನ್ನ ಸ್ಕೂಟರಿನ ಸೀಟಿನ ಮೇಲೆ ಟಕಟಕ ಕುಟ್ಟುತ್ತಲೇ ಇರುತ್ತಿತ್ತು. ಜೆ.ಪಿ. ನಗರದ ನಮ್ಮ ಪಕ್ಕದ ಮನೆಯ ಕ್ಯಾಪ್ಟನ್ ಅಂಕಲ್, ಸರಕು ಹಡಗು ನಡೆಸಿ ರಿಟೈರ್ ಆದವರು. ಕೂತ ಕಡೆ ಕೂರುವ ಜಾಯಮಾನವೇ ಅಲ್ಲ. ಸಾರಕ್ಕಿ ಮಾರ್ಕೆಟ್ಟಿಗೆ ಸೊಪ್ಪು ತರಲು ಹೋದರೆ, ಟೆಂಪೋದವರಿಗೆ ಯಾವ ಮೂಟೆ ಕೆಳಗಿರಬೇಕು, ಯಾವುದು ಮೇಲೆ ಎಂದು ಪಾಠ ಮಾಡಿ ಬೈಸಿಕೊಂಡು ಬರುತ್ತಿದ್ದರು. ಆಂಟಿ ತಲೆ ಚಚ್ಚಿಕೊಳ್ಳುತ್ತಿದ್ದರು.

ನನಗೋ ಆ ವರ್ಷ ನಿದ್ದೆ ಹಾರಿಹೋಗಿತ್ತು. ಮನೆ ಅಡವಿಟ್ಟು ಮೊದಲ ಸಲ ವಿದೇಶಕ್ಕೆ ಕಳಿಸಿದ ಗ್ರಾನೈಟ್ ಬ್ಲಾಕುಗಳು ಹಡಗಿನೊಳಗೇ ಉರುಳಾಡಿ ಒಡೆದುಹೋಗಿದ್ದವು. ಒಡೆದ ಕಲ್ಲು ಬೇಡ, ದುಡ್ಡೂ ಇಲ್ಲ ಎಂದ ಕೊಳ್ಳುವವನು. ಹಡಗು ಯಾವುದೋ ದೂರದೇಶದ ಮಾಲೀಕರದು. ಅದನ್ನು ಬಾಡಿಗೆಗೆ ಹಿಡಿದು ನನ್ನಂಥವರ ಸರಕು ತುಂಬಿಸಿಕೊಂಡವನು ಚೆನ್ನೈನ ಚಾರ್ಟರರ್. ನನಗೆ ಮುಖಪರಿಚಯವಿದ್ದದ್ದು ಇವನೊಬ್ಬನದೇ. ದೀಪಾವಳಿಗೆ ಸ್ವೀಟ್ ಬಾಕ್ಸ್ ಕಳಿಸುವ ಆಸಾಮಿ. ಹಾಗಾಗಿ ಇವನ ಬೆನ್ನೇ ಹಿಡಿದಿದ್ದೆ. ಅವನೂ ನೋಡುತ್ತಿದ್ದೇವೆ, ಆಗುತ್ತದೆ, ನೀವು ನಮ್ಮವರೇ ಎಂದು ತಿಂಗಳುಗಟ್ಟಲೆ ಬೆಣ್ಣೆ ಹಚ್ಚಿದ.

ಒಂದು ಬೆಳಿಗ್ಗೆ ಗೇಟಿನ ಬಳಿ ಅಂಕಲ್ ಹತ್ತಿರ ಇದನ್ನೆಲ್ಲ ತೋಡಿಕೊಂಡೆ. ಸರಕು ಹತ್ತಿಸಿಕೊಂಡದ್ದಕ್ಕೆ ಹಡಗಿನವರು ಕೊಟ್ಟ ರಸೀದಿ ತಾ ಎಂದರು. ಅದರ ತಲೆಯ ಮೇಲೆ ಚಾರ್ಟರರ್ ಹೆಸರು ದಪ್ಪಕ್ಷರದಲ್ಲಿತ್ತು. ಅವರು ಅದರ ಕಡೆ ನೋಡಲೇ ಇಲ್ಲ, ನೇರ ಕೆಳಗಿನ ಸಹಿಗೆ ಹೋದರು.

"ಟೆಂಪೋ ಬಾಡಿಗೆಗೆ ಹಿಡಿಯೋನು ಒಬ್ಬ, ಓನರ್ ಇನ್ನೊಬ್ಬ. ಡ್ರೈವರ್‌ಗೆ ಸಂಬಳ ಕೊಡೋದು ಯಾರಪ್ಪಾ?"

ಓನರ್ ಎಂದೆ.

"ಇಲ್ಲಿ ಕ್ಯಾಪ್ಟನ್ ಪರವಾಗಿ ಸಹಿ ಬಿದ್ದಿದೆ. ಕ್ಯಾಪ್ಟನ್ ಓನರ್ ಆಳು. ನಿಂಗೆ ಜವಾಬು ಹೇಳ್ಬೇಕಾದೋನು ಓನರ್. ಕಲ್ಲು ಸರಿಯಾಗಿ ಜೋಡ್ಸಿಲ್ಲ ಅಂತ ಅವನು ಚಾರ್ಟರರ್ ಮೇಲೆ ಹಾಕ್ಲಿ, ಅದು ಅವರಿಬ್ಬರ ಜಗಳ."

ಕಲ್ಲು ಇಳಿದದ್ದು ಯಾವಾಗ ಎಂದು ಕೇಳಿದರು. ಹೇಳಿದೆ. ಕಾಫಿ ಲೋಟ ಅಲ್ಲೇ ಇಟ್ಟು ಚಪ್ಪಲಿ ಮೆಟ್ಟಿಕೊಂಡರು. ಒಂದು ವರ್ಷದೊಳಗೆ ದಾವೆ ಹಾಕದಿದ್ದರೆ ಕೇಸೇ ಇಲ್ಲವಂತೆ, ಆ ವರ್ಷ ಮುಗಿಯುವುದಕ್ಕೆ ಇದ್ದದ್ದು ಮೂರೋ ನಾಲ್ಕೋ ದಿನ. ಅಯ್ಯೋ ದೇವರೇ, ನಾನು ಮಾಲೀಕನಿಗೆ ಒಂದು ಸಾಲೂ ಬರೆದಿರಲಿಲ್ಲ!

ಜಯನಗರದ ವಕೀಲರ ಹತ್ತಿರ ಹೊರಟ ಆಟೋ ರಾಗಿಗುಡ್ಡದ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡಿತು. ಅಂಕಲ್ ಆಟೋದಿಂದ ಇಳಿದು ಹತ್ತಿ ಇಳಿದು ಹತ್ತಿ ಮಾಡುತ್ತಿದ್ದರು. ಇದ್ದಕ್ಕಿದ್ದಂತೆ ತಮ್ಮ ಕಥೆ ಹೇಳತೊಡಗಿದರು. ಅವರ ಹಡಗಿನಲ್ಲೂ ಚಾರ್ಟರರ್ ಕಡೆಯವರು ಅವಸರಕ್ಕೆ ಸರಕು ಹೇಗೆಂದರೆ ಹಾಗೆ ಪೇರಿಸಿದ್ದರಂತೆ. ಹೊರಡಲ್ಲ ಎಂದರಂತೆ ಇವರು. ಚಾರ್ಟರರ್ ಜೊತೆ ತಕರಾರು ಬೇಡ, ಹೊರಡು ಎಂದನಂತೆ ಮಾಲೀಕ. ಸರಕು ಹಾಳಾಯಿತು. ಇಬ್ಬರೂ ಕಿತ್ತಾಡಿ, ಕೊನೆಗೆ ರಾಜಿಯಾಗಿ, ತಪ್ಪೆಲ್ಲ ಕ್ಯಾಪ್ಟನ್ನದು ಎಂದು ಬರೆದು ಕೈತೊಳೆದುಕೊಂಡರು.

"ಆಮೇಲೆ ನಂಗೆ ಯಾರೂ ಹಡಗು ಕೊಡ್ಲಿಲ್ಲ. ರಿಟೈರ್ ಆದೆ ಅಂತ ನಿಮ್ಮ ಆಂಟಿಗೂ ಹೇಳಿದೀನಿ, ಸುಮ್ನೆ."

ಸಿಗ್ನಲ್ ಬಿಟ್ಟಿತು.

ಮಾಲೀಕ, ಚಾರ್ಟರರ್ ಇಬ್ಬರ ಮೇಲೂ ದಾವೆ ಗಡುವಿನೊಳಗೆ ಬಿತ್ತು. ಎಳೆದಾಡಿ ಎಳೆದಾಡಿ, ಕೊನೆಗೆ ಮಾಲೀಕನ ಕಡೆಯವರು ಪರಿಹಾರಕ್ಕೆ ಒಪ್ಪಿದರು. ಆ ಹೊತ್ತಿಗೆ ಅಂಕಲ್ ಆಸ್ಪತ್ರೆ ಸೇರಿದ್ದರು. ಓಡಿಹೋಗಿ, ಮನೆ ಉಳಿಯಿತು ಅಂಕಲ್ ಎಂದೆ. ನಕ್ಕು ನನ್ನ ಕೈ ಅದುಮಿದರು. ಆಮೇಲೆ ಮೂಗಿನ ಮೇಲಿದ್ದ ಮಾಸ್ಕ್ ಸರಿಸಿದರು.

"ಆ ಕ್ಯಾಪ್ಟನ್‌ನ ಏನ್ ಮಾಡಿದ್ರು?"

ನಮ್ಮ ದಾವೆಯ ಮೊದಲ ಆರೋಪವೇ ನನ್ನ ಕಲ್ಲು ಹೊತ್ತ ಹಡಗಿನ ಕ್ಯಾಪ್ಟನ್ನಿನ ನಿರ್ಲಕ್ಷ್ಯ. ಮಾಲೀಕನನ್ನು ಹಿಡಿಯಲು ಬೇರೆ ದಾರಿಯಿರಲಿಲ್ಲ. ಅದನ್ನು ಬರೆಸುವಾಗ ಅಂಕಲ್ ನನ್ನ ಪಕ್ಕದಲ್ಲೇ ಕೂತಿದ್ದರು, ಒಂದು ಮಾತೂ ಆಡಿರಲಿಲ್ಲ.

"ಕೆಲಸದಲ್ಲೇ ಇದಾರೆ ಅಂಕಲ್, ಹಡಗಿನ ಮೇಲೇ ಇದಾರೆ," ಎಂದೆ.

ಅವರು ಕಣ್ಣು ಮುಚ್ಚಿದರು. ಮರುದಿನ ಬೆಳಿಗ್ಗೆ ಹೋಗಿಬಿಟ್ಟರು. ನಾನು ಹೇಳಿದ್ದು ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ.