ಕೆಟ್ಟ ಜಾಗದಲ್ಲಿ ನಿಲ್ಲಿಸಬಾರದು

ತರೀಕೆರೆಯಿಂದ ಅಜ್ಜಂಪುರಕ್ಕೆ ಹೊರಟ ಬಸ್ಸಿನಲ್ಲಿ ನನ್ನ ಇಯರ್‌ಫೋನ್ ಕೈಕೊಟ್ಟು, ಫೋನಿನಲ್ಲಿದ್ದ ಮುನ್ನೂರು ವರ್ಷ ಹಳೆಯ ಯುರೋಪಿನ ಚರ್ಚ್ ಸಂಗೀತ ಎಲ್ಲರಿಗೂ ಕೇಳಿಸಿತು. ಯೇಸುವನ್ನು ಶಿಲುಬೆಗೇರಿಸಿ ಎಂದು ಗುಂಪೊಂದು ಅಬ್ಬರಿಸುವ ಭಾಗ ಅದು.

"ಆಫ್ ಮಾಡ್ರೀ ಅದನ್ನ," ಎಂದ ಕಂಡಕ್ಟರ್.

ಪಕ್ಕದಲ್ಲಿ ಗಂಜಿಯ ಡಬ್ಬಿ ಹಿಡಿದು ಕೂತಿದ್ದ ಹೆಂಗಸು ನನ್ನ ಕೈ ತಡೆದಳು. ಗಂಡ ಅಜ್ಜಂಪುರದ ಆಸ್ಪತ್ರೆಯಲ್ಲಿದ್ದಾನೆ ಎಂದು ಆಗಲೇ ಹೇಳಿದ್ದಳು.

"ಇದು ದೇವ್ರ ಹಾಡಾ?"

"ಹೌದು. ದೇವರನ್ನ ಕೊಲ್ಲಿ ಅಂತ ಜನ ಕೂಗ್ತಿದ್ದಾರೆ."

"ಹಂಗಾರೆ ನಿಲ್ಲಿಸ್ಬ್ಯಾಡಿ. ನಮ್ಮೂರಲ್ಲಿ ರಾಮಾಯಣ ಓದೋವಾಗ ಕೆಟ್ಟ ಜಾಗ್ದಲ್ಲಿ ನಿಲ್ಸಲ್ಲ ಕಣ್ರೀ. ಒಳ್ಳೇದು ಬರೋವರ್ಗೂ ಓದ್ತೀವಿ."

ಕಂಡಕ್ಟರ್ ಟಿಕೆಟ್ ಕೊಡುತ್ತ ಮುಂದೆ ಹೋದ. ನಾನು ಸದ್ದು ತಗ್ಗಿಸಿ ಫೋನನ್ನು ಇಬ್ಬರ ನಡುವೆ ಇಟ್ಟೆ. ಈ ಕೃತಿಯಲ್ಲಿ ಒಳ್ಳೆಯದು ಬರುವುದೇ ಇಲ್ಲ, ಅದು ಸಮಾಧಿಯಲ್ಲೇ ಮುಗಿಯುತ್ತದೆ ಎಂದು ಹೇಳಲು ಬಾಯಿ ಬರಲಿಲ್ಲ. ಯೇಸು ಸತ್ತ ದಿನವಾದ ಶುಭ ಶುಕ್ರವಾರದ ಪ್ರಾರ್ಥನೆಗೆ ಬರೆದದ್ದು. ಭಾನುವಾರ ಆತ ಸಾವಿನಿಂದ ಏಳುತ್ತಾನೆಂಬುದು ಕೇಳುವ ಭಕ್ತರಿಗೆ ಗೊತ್ತೇ ಇತ್ತು, ಬರೆದವನು ಅದನ್ನು ಹಾಡಿಸಬೇಕಾಗಿರಲಿಲ್ಲ. ನಾನಂತೂ ನಂಬುವವನಲ್ಲ, ಸ್ವರಕ್ಕಾಗಿ ಕೇಳುವವನು.

ಊರು ಹತ್ತಿರವಾದಾಗ, ಸಮಾಧಿಯ ಮುಂದೆ ಜೋಗುಳದಂತೆ ಹಾಡುವ ಕೊನೆಯ ಭಾಗವೂ ಮುಗಿದು ಫೋನು ಸುಮ್ಮನಾಯಿತು. ಆಕೆ ಎದ್ದು ನಿಂತಳು. ಡಬ್ಬಿಯನ್ನು ಎದೆಗೆ ಒತ್ತಿಕೊಂಡು ನನ್ನ ಮುಖವನ್ನೇ ನೋಡಿದಳು.

"ಏನಾಯ್ತು ಅವ್ನಿಗೆ?"

"ಮೂರನೇ ದಿನಕ್ಕೆ ಎದ್ದು ಕೂತ ಕಣಮ್ಮ," ಎಂದೆ.