ಕುರಿ ಮೇಯ್ದ ಮಗ್ಗಲು

ಹರ್ತಿಯ ಆಚೆಗಿನ ಗುಡ್ಡದಲ್ಲಿ ನಾವು ಆರೇಳು ಮಂದಿ ಸೇರಿ ಹಣ್ಣಿನ ಗಿಡ ಬೆಳೆಸುತ್ತಿದ್ದೆವು. ಬೆಟಗೇರಿಯ ನನ್ನ ಹೊಲಿಗೆ ಅಂಗಡಿಗೆ ಭಾನುವಾರ ಬೀಗ ಹಾಕಿ ನಾನು ಅಲ್ಲಿಗೆ ಹೋಗುತ್ತಿದ್ದೆ. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರೊಬ್ಬರು ನಮ್ಮಲ್ಲಿ ಹಿರಿಯರು; ಎಲ್ಲರಿಗೂ ಅವರು ಕಾಕಾ. ಸೀತಾಫಲ, ನೇರಳೆ, ಹುಣಸೆ ಸಸಿಗಳು ಮೂರು ಬೇಸಿಗೆ ದಾಟಿ ನನ್ನ ಸೊಂಟದೆತ್ತರ ಬಂದಿದ್ದವು.

ಆ ಗುಡ್ಡಕ್ಕೆ ಕುರಿ ಹೊಡೆದುಕೊಂಡು ಬರುತ್ತಿದ್ದ ಹೆಂಗಸಿನ ಜೊತೆ ನನಗೆ ಜಗಳವಾಗಿತ್ತು. ಪಡುವಣ ಮಗ್ಗಲಿಗೆ ನಾವು ಮುಳ್ಳು ಹಚ್ಚಿ ಕುರಿಗಳ ದಾರಿ ಮುಚ್ಚಿದ್ದೆವು. ಮೂಡಣ ಮಗ್ಗಲಲ್ಲಿ ಆಕೆ ನಮ್ಮ ಮಾತು ಕೇಳದೆ ಕುರಿ ಬಿಡುತ್ತಿದ್ದಳು.

“ನಾಳಿಂದ ಈ ಕಡೆ ಬರಬ್ಯಾಡ,” ಎಂದೆ.

“ನನ್ನ ಕುರಿ ಹುಲ್ಲು ಮೇಯ್ತಾವ್ರಿ ಅಕ್ಕಾರ. ಗಿಡಕ್ಕ ಬಾಯಿ ಹಾಕಾಕ ನಾ ಬಿಡಂಗಿಲ್ಲ,” ಎಂದಳು. ಮುಳ್ಳಿನಾಚೆ ಎದೆಮಟ್ಟ ಒಣಗಿ ನಿಂತ ಹುಲ್ಲಿನತ್ತ ನೋಡಿ, “ಅದನ್ನ ಹಂಗ ಬಿಟ್ರ ಒಂದಿನ ನಿಮಗ ತಿಳೀತೈತಿ,” ಎಂದು ನಡೆದಳು.

ಆ ಮಾತು ನನಗೆ ಬೆದರಿಕೆಯಂತೆ ಕೇಳಿಸಿತು.

ಎರಡು ವಾರದ ನಂತರ, ಮಧ್ಯಾಹ್ನದ ಹೊತ್ತಿಗೆ ಪಡುವಣ ಮಗ್ಗಲಿನ ಬುಡದಿಂದ ಹೊಗೆ ಎದ್ದಿತು. ಗಾಳಿ ಜೋರಿತ್ತು. ನಾವು ಬೇವಿನ ಟೊಂಗೆ ಮುರಿದುಕೊಂಡು ಓಡಿದೆವು. ಒಂದು ಕಡೆ ಬಡಿದು ಆರಿಸುವಷ್ಟರಲ್ಲಿ ಹತ್ತು ಮಾರು ಆಚೆ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಆಗ ಯಾರೋ ಕೂಗಿದರು: “ಕಾಕಾ ಎಲ್ಲದಾರ?”

ಕಾಕಾ ಕೊಡ ಹಿಡಿದುಕೊಂಡು ಮೇಲಿನ ಸಸಿಗಳಿಗೆ ನೀರು ಹಾಕಲು ಹೋಗಿದ್ದರು. ಅವರು ಹತ್ತಿದ ದಾರಿ ಬೆಂಕಿಯಲ್ಲಿ ಮುಚ್ಚಿಹೋಗಿತ್ತು. ಕರೆದೆವು, ಉತ್ತರ ಬರಲಿಲ್ಲ.

ಅಷ್ಟರಲ್ಲಿ ಆ ಹೆಂಗಸು ಮೂಡಣ ಕಡೆಯಿಂದ ಓಡಿ ಬಂದಳು. ನನಗೆ ಸಿಟ್ಟು ನೆತ್ತಿಗೇರಿತು. “ನೀನ ಬೆಂಕಿ ಹಚ್ಚೀದಿ, ಹೌದಲ್ಲ? ಅವತ್ತ ಹೇಳಿದ್ದಿ!” ಎಂದು ಕಿರುಚಿದೆ.

ಆಕೆ ಹೆಗಲ ಮೇಲಿನ ಕಂಬಳಿಯನ್ನು ನಮ್ಮ ನೀರಿನ ಡ್ರಮ್ಮಿನಲ್ಲಿ ಅದ್ದಿ, “ಮುದುಕರು ಬಂಡಿಗಲ್ಲಿನ ಮ್ಯಾಲ ಕುಂತಾರ, ನಾ ನೋಡೀನಿ. ಬರೂದಿದ್ರ ಜಲ್ದಿ ಬರ್ರಿ,” ಎಂದಳು.

ನಾನು ಆಕೆಯ ಹಿಂದೆ ಓಡಿದೆ. ಕುರಿ ಮೇಯ್ದ ಮೂಡಣ ಮಗ್ಗಲಲ್ಲಿ ಹುಲ್ಲು ನೆಲಮಟ್ಟಕ್ಕೆ ಮೊಟಕಾಗಿತ್ತು. ಗುಡ್ಡದ ನೆತ್ತಿ ದಾಟಿ ಅಲ್ಲಿಗೆ ಬಂದ ಬೆಂಕಿ ಪಾದದೆತ್ತರಕ್ಕೂ ಏಳದೆ ತಾನಾಗಿಯೇ ಸಾಯುತ್ತಿತ್ತು. ಅದನ್ನು ತುಳಿದುಕೊಂಡೇ ಮೇಲೆ ಹತ್ತಿದೆವು. ಕಾಕಾ ಬೋಳು ಬಂಡೆಯ ಮೇಲೆ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಕುಳಿತಿದ್ದರು. ಕೆಮ್ಮಿ ಕೆಮ್ಮಿ ದನಿ ಅಡಗಿತ್ತು. ಎದ್ದು ನಿಲ್ಲಲು ಕಾಲು ಬರಲೊಲ್ಲವು. ಆಕೆ ಕಂಬಳಿ ಹೊದಿಸಿ ಒಂದು ರಟ್ಟೆ ಹಿಡಿದಳು, ನಾನೊಂದು. ಕುರಿಗಳು ಮಾಡಿಟ್ಟ ಸಣ್ಣ ಜಾಡಿನಲ್ಲಿ ಇಳಿದೆವು. ಬೆನ್ನ ಹಿಂದೆ ಹುಲ್ಲು ಚಟಚಟ ಸಿಡಿಯುವುದು ಕೇಳುತ್ತಲೇ ಇತ್ತು.

ಕೆಳಗಿನ ಹೊಲದಲ್ಲಿ ಯಾರೋ ಕಸಕ್ಕೆ ಹಚ್ಚಿದ ಬೆಂಕಿ ಗಾಳಿಗೆ ಗುಡ್ಡ ಹತ್ತಿತ್ತೆಂದು ಸಂಜೆ ಗೊತ್ತಾಯಿತು.

ಮರುದಿನ ಅಂಗಡಿ ತೆರೆಯದೆ ಆಕೆಯ ಮನೆಗೆ ಹೋದೆ. “ನಿಮ್ಮ ಮ್ಯಾಲ ಸುಳ್ಳ ಅಪವಾದ ಹೊರಿಸಿದೆ. ತಪ್ಪಾತು,” ಎಂದೆ.

“ಹೊರಿಸಿದ್ರಿ, ಖರೆ,” ಎಂದಳು. ನೀರು ಕೊಟ್ಟಳು. ಕುಂಡ್ರಿ ಅನ್ನಲಿಲ್ಲ.

ಪಡುವಣ ಮಗ್ಗಲಿನ ಸಸಿಗಳೆಲ್ಲ ಸುಟ್ಟಿದ್ದವು. ಮಳೆಗೆ ಕೆಲವು ಹುಣಸೆ ಬುಡದಿಂದ ಚಿಗುರಿದವು. ಈಗ ನಾವು ಒಂದೊಂದು ಸಸಿಗೂ ಬೇರೆ ಬೇರೆ ಮುಳ್ಳು ಕಟ್ಟುತ್ತೇವೆ; ಸುಗ್ಗಿ ಮುಗಿದ ಕೂಡಲೇ ಗುಡ್ಡವೆಲ್ಲ ಆಕೆಯ ಕುರಿಗಳಿಗೆ ಬಿಡುತ್ತೇವೆ. ಆಕೆ ಕಾಕಾ ಜೊತೆ ಕುಳಿತು ತಾಸುಗಟ್ಟಲೆ ಮಾತಾಡುತ್ತಾಳೆ. ನನ್ನ ಜೊತೆ ಮಾತ್ರ ಇನ್ನೂ ಕೇಳಿದ್ದಕ್ಕಷ್ಟೇ ಉತ್ತರ.