ಬಲೆ ಬೀಸದ ಕೇರಿ

ಹರಿಹರದಿಂದ ಸ್ವಲ್ಪ ಕೆಳಗೆ, ತುಂಗಭದ್ರೆಯ ದಂಡೆಯಲ್ಲಿ ಬೆಸ್ತರ ಕೇರಿಯೊಂದಿತ್ತು. ಅಲ್ಲಿ ಒಬ್ಬ ಅಜ್ಜಿ ಹೊಳೆಸ್ನಾನಕ್ಕೆ ಬಂದವರಿಗೆಂದು ಎರಡು ಕೋಣೆಗಳನ್ನು ಬಾಡಿಗೆಗೆ ಕೊಡುತ್ತಿದ್ದಳು. ಐವತ್ತರ ದಶಕದ ಒಂದು ಮಳೆಗಾಲದಲ್ಲಿ ಅವುಗಳಲ್ಲೊಂದನ್ನು ಹಿಡಿದು ಕೂತೆ. ಸ್ನಾನಕ್ಕಲ್ಲ. ಅಲ್ಲೇ ಹೊಳೆಯ ಮೇಲುಗಡೆ ಹರಿಗೋಲು ಮಗುಚಿ ನನ್ನ ತಮ್ಮ ಕಾಣೆಯಾಗಿದ್ದ.

ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಅವನಿಗೆ ಕೆಲಸ. ಆಚೆ ದಡದಲ್ಲಿ ಗೆಳೆಯನ ಮದುವೆ. ಸೇತುವೆ ಸುತ್ತಿ ಹೋಗಲು ಮೈಗಳ್ಳತನ. ಜೊತೆಗಿದ್ದವರೆಲ್ಲ ಈಜಿ ದಡ ಸೇರಿದರು, ಇವನಿಗೆ ಈಜು ಬರುತ್ತಿರಲಿಲ್ಲ. ಆದರೂ ಕೆಳಗಿನ ಯಾವುದೋ ಊರಲ್ಲಿ ಯಾರೋ ಅವನನ್ನು ಎಳೆದು ಹಾಕಿಕೊಂಡಿರಬೇಕು, ಜ್ವರ ಬಂದು ಮಲಗಿರಬೇಕು ಎಂದು ನಾನು ಹಠ ಹಿಡಿದಿದ್ದೆ. "ಅವನ್ನ ಕರ್ಕೊಂಡೇ ಬಾ" ಎಂದು ಅವ್ವ ಕಳಿಸಿದ್ದಳು. ಜೊತೆಗೆ ಬಂದಿದ್ದ ಸೋದರಮಾವ, "ಸಾಕು, ಮನೆಗೆ ನಡಿ" ಅಂದಾಗ ಅವನ ಮೇಲೆ ಹರಿಹಾಯ್ದೆ. ಅವನು ತಲೆ ತಗ್ಗಿಸಿಕೊಂಡು ಒಬ್ಬನೇ ಬಸ್ಸು ಹತ್ತಿದ.

ನಮ್ಮದು ಲಿಂಗ ಕಟ್ಟಿದ ಮನೆತನ. ಮೀನಿನ ವಾಸನೆ ಬಂದರೆ ಬೇರೆ ಬೀದಿ ಹಿಡಿಯುವವರು. ಬೆಸ್ತರ ನಡುವೆ ಇರುವುದು ಹೇಗಪ್ಪಾ ಎಂದು ಮೂಗು ಬಿಗಿಹಿಡಿದೇ ಹೋಗಿದ್ದೆ. ಆದರೆ ಅಲ್ಲಿ ಯಾವ ಒಲೆಯ ಮೇಲೂ ಮೀನು ಬೇಯುತ್ತಿರಲಿಲ್ಲ. ಬಲೆಗಳು ಗೋಡೆಗೆ ನೇತಾಡುತ್ತಿದ್ದವು. ಗಂಡಸರು ಬೆಳಗಾದರೆ ಹರಿಗೋಲು ಇಳಿಸಿ, ಉದ್ದನೆಯ ಬಿದಿರಿನ ಗಳ ಹಾಕಿ ಮಡು ಮಡುವನ್ನೂ ಕೆದಕಿ ತಮ್ಮನನ್ನು ಹುಡುಕುತ್ತಿದ್ದರು, ಬರಿಗೈಯಲ್ಲಿ ಬರುತ್ತಿದ್ದರು. ಅಜ್ಜಿ ನನಗೆ ಜೋಳದ ರೊಟ್ಟಿ, ಸೊಪ್ಪಿನ ಪಲ್ಯ ಕೊಡುತ್ತಿದ್ದಳು. ನಾನಿದ್ದೇನೆಂದು ಇಡೀ ಕೇರಿ ಬಾಯಿ ಕಟ್ಟಿಕೊಂಡಿದೆ ಎಂದುಕೊಂಡೆ. ಆ ಸಂಕಟದಲ್ಲೂ ಒಳಗೊಳಗೇ ಜಂಬ ನನಗೆ.

ಹೀಗೇ ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಪಕ್ಕದ ಮನೆಯ ಬಾಣಂತಿ ನೀರಾದ ಅಂಬಲಿ ಕುಡಿಯುತ್ತಿದ್ದುದನ್ನು ಕಂಡು ಮನಸ್ಸು ತಡೆಯಲಿಲ್ಲ. ದೊಡ್ಡ ಉಪಕಾರ ಮಾಡುವವಳ ಹಾಗೆ ಅಜ್ಜಿಗೆ ಹೇಳಿದೆ: "ಅಜ್ಜಿ, ನನ್ನ ಸಲುವಾಗಿ ಯಾರೂ ಮೀನು ಬಿಡಬ್ಯಾಡ್ರಿ. ಮಾಡ್ಕೊಂಡು ಉಣ್ರಿ. ನಾನು ಬಾಗಿಲು ಹಾಕ್ಕೊಂತೀನಿ."

ಅಜ್ಜಿ ತಟ್ಟುತ್ತಿದ್ದ ರೊಟ್ಟಿಯನ್ನು ಹೆಂಚಿಗೆ ಹಾಕಿದಳು. ಆಮೇಲೆ ಅಂದಳು: "ನಿಮ್ಮ ಸಲುವಾಗಿ ಅಲ್ರೀ ತಾಯಿ. ಹೊಳೆಯಾಗೆ ಮನುಷ್ಯ ಇರೋ ತನಕ ನಾವು ಬಲೆ ಹಾಕಂಗಿಲ್ಲ. ಒಂದೋ ಅವನು ಸಿಗಬೇಕು, ಇಲ್ಲಾ ಅವನ ಮನೆಯೋರು ಬಂದು, ಹೊಳೆಗೆ ಹಾಲು ಬಿಟ್ಟು, ಆತು ಅನ್ನಬೇಕು."

ನನಗೆ ಮೈಯೆಲ್ಲ ಉರಿಯಿತು. "ಮೊದಲೇ ಯಾಕ ಹೇಳ್ಲಿಲ್ಲ?" ಎಂದು ಕೂಗಾಡಿದೆ.

"ಹೆಂಗೆ ಹೇಳೋದ್ರಿ? ನಮ್ಮ ಹೊಟ್ಟೆಗಿಲ್ಲ, ನಿಮ್ಮ ತಮ್ಮನ್ನ ಸತ್ತ ಅಂದುಬಿಡ್ರಿ ಅಂತ ಕೇಳೋದಾ?"

ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ನಾನು ತಿಂದ ರೊಟ್ಟಿಯ ಜೋಳ ಆ ಮನೆಗಳದೇ ಎಂಬುದು ಆಗ ಹೊಳೆಯಿತು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಇವರ ಹಸಿವು ಕಟ್ಟಿಕೊಂಡು ನನಗೇನು, ಇನ್ನೊಂದು ವಾರ ಇವರು ಉಪವಾಸವಿದ್ದರೆ ನನ್ನ ತಮ್ಮ ಇನ್ನೊಂದು ವಾರ ಬದುಕಿರುತ್ತಾನೆ ಎಂದು ಕೂಡ ಅನಿಸಿತು. ಗೋಡೆಯಾಚೆ ಬಾಣಂತಿಯ ಕೂಸು ಅಳುತ್ತಲೇ ಇತ್ತು. ಅವಳಿಗೆ ಹಾಲು ಬತ್ತಿತ್ತು.

ಮರುದಿನ ಬೆಳಗ್ಗೆ ಅಜ್ಜಿಯನ್ನು ಕೇಳಿ ಒಂದು ಚೆಂಬು ಹಾಲು ತರಿಸಿದೆ. ಕೇರಿಯವರೆಲ್ಲ ದಡಕ್ಕೆ ಬಂದು ನಿಂತರು. ಕೆಂಪು ನೀರಿನಲ್ಲಿ ಹಾಲು ಕಣ್ಣು ಮಿಟುಕಿಸುವುದರೊಳಗೆ ಕಾಣದಾಯಿತು. "ಆತು" ಅನ್ನುವ ಬದಲು ಖಾಲಿ ಚೆಂಬನ್ನು ನೀರಲ್ಲದ್ದಿ ತೊಳೆಯತೊಡಗಿದೆ.

"ಅವಸರ ಇಲ್ಲವ್ವಾ. ನಾಳೆ ಅಂದ್ರೂ ಆತು" ಎಂದ ಕೇರಿಯ ಯಜಮಾನ.

ಆ ಮಾತಿಗೇ ನಾನು ಸೋತೆ. "ಆತು" ಅಂದೆ. ನೀರಿನ ಸದ್ದಿಗೆ ಯಾರಿಗೂ ಕೇಳಿಸಲಿಲ್ಲವೆಂದು ಇನ್ನೊಮ್ಮೆ, ಗಟ್ಟಿಯಾಗಿ ಹೇಳಬೇಕಾಯಿತು.

ಗಂಡಸರು ಗೋಡೆಯಿಂದ ಬಲೆ ಇಳಿಸಿದರು. ಹರಿಗೋಲುಗಳು ನಡುನೀರಿಗೆ ಹೋದವು. ಮೊದಲ ಬಲೆ ಗಾಳಿಯಲ್ಲಿ ಬಿಚ್ಚಿಕೊಂಡು ನೀರಿಗೆ ಬಿದ್ದದ್ದೇ ತಡ, "ಬ್ಯಾಡ್ರೀ, ಅವನು ಬರ್ತಾನೆ" ಎಂದು ಕಿರುಚುತ್ತಾ ನೀರಿಗಿಳಿದೆ. ಅಜ್ಜಿ ಹಿಂದಿನಿಂದ ಬಂದು ನನ್ನನ್ನು ತಬ್ಬಿ ಹಿಡಿದಳು. ತಾನೂ ಅಳುತ್ತಾ, ಹರಿಗೋಲಿನಲ್ಲಿದ್ದವರಿಗೆ ಕೇಳಿಸದಂತೆ, ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು.